ಮೆಚ್ಚಿದ ದ್ವೀಪಕ್ಕೆ ಮತ್ತೊಮ್ಮೆ, ಈ ಸಲ ಸ್ನೇಹಿತರೊಡನೆ

ಒಮ್ಮೆ ಹೋಗಿ ಮನಸೋತು ಬಂದ ಉಷ್ಣವಲಯದ ದ್ವೀಪಕ್ಕೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಮತ್ತೆ ಹೊರಡುವುದು, ಕಾಣದ ಊರಿಗೆ ಹೊರಡುವುದಕ್ಕಿಂತ ಸುಲಭವೆಂದು ತೋರುತ್ತದೆ. ದಾರಿ ಗೊತ್ತು, ದೋಣಿಯನ್ನು ಎಲ್ಲಿ ಹತ್ತಬೇಕೆಂಬುದು ಗೊತ್ತು, ಯಾವ ತೀರದಲ್ಲಿ ಸೂರ್ಯ ಮುಳುಗುತ್ತಾನೆ ಎಂಬುದೂ ಗೊತ್ತು. ಆದರೆ ಆ ದ್ವೀಪವನ್ನು ಎಂದೂ ನೋಡಿರದ ಸ್ನೇಹಿತರೊಬ್ಬರು ಜೊತೆಗೆ ಬರುವುದಾದರೆ ಹೀಗೆ ಗೊತ್ತಿರುವುದೇ ಹಲವು ಸಲ ತೊಡಕಾಗುತ್ತದೆ. ಒಬ್ಬರು ನೆನಪಿಗೆ ಮರಳುತ್ತಿರುತ್ತಾರೆ, ಇನ್ನೊಬ್ಬರು ಹೊಸ ಜಾಗಕ್ಕೆ ಕಾಲಿಡುತ್ತಿರುತ್ತಾರೆ. ಟಿಕೆಟ್ ಒಂದೇ ಆದರೂ ಪ್ರವಾಸಗಳು ಎರಡು. ಆದ್ದರಿಂದ ತಯಾರಿಯ ಮೊದಲ ಕೆಲಸವೆಂದರೆ, ನಿಮ್ಮ ನೆನಪಿನಲ್ಲಿ ಯಾವುದು ಇಂದಿಗೂ ಉಪಯೋಗಕ್ಕೆ ಬರುವ ಮಾಹಿತಿ, ಯಾವುದು ನಿಮಗೊಬ್ಬರಿಗೇ ಸೇರಿದ ಅನುಭವ ಎಂಬುದನ್ನು ಬೇರ್ಪಡಿಸಿಕೊಳ್ಳುವುದು.

ಇದನ್ನು ಮನಸ್ಸಿನಲ್ಲೇ ಮಾಡದೆ ಒಂದು ಹಾಳೆಯ ಮೇಲೆ ಬರೆದು ನೋಡುವುದು ಒಳ್ಳೆಯದು. ಆ ದ್ವೀಪದಲ್ಲಿ ನಿಮಗೆ ಮೆಚ್ಚುಗೆಯಾದುದೇನೆಂದು ಒಂದೊಂದಾಗಿ ಬರೆಯಿರಿ. ಕೊಲ್ಲಿಯ ಬಾಗು, ಗುಡ್ಡ ಹತ್ತಿ ಹೋಗುವ ಕಾಲುದಾರಿ, ಬಂಡೆಗಳ ನಡುವಿನ ಸಣ್ಣ ತೀರ ಇವೆಲ್ಲ ಉಳಿದಿರುವ ಸಾಧ್ಯತೆ ಹೆಚ್ಚು. ತಿಳಿನೀರು, ಅಗಲವಾದ ಮರಳು, ಅಲೆಯಿಲ್ಲದ ಸಮುದ್ರ ಇವು ನೀವು ಹೋಗಿದ್ದ ತಿಂಗಳಿಗೆ ಸೇರಿದವು. ಹಾಸ್ಟೆಲಿನ ಗೆಳೆತನ, ಗುಡಿಸಲಿನ ಮಾಲೀಕರ ಆದರ, ಕೆಲಸದ ಚಿಂತೆಯಿಲ್ಲದ ನಿಮ್ಮ ಆಗಿನ ವಯಸ್ಸು ಇವು ಮತ್ತೆ ಸಿಗಲೇಬೇಕೆಂದಿಲ್ಲ. ಸ್ನೇಹಿತರಿಗೆ ಮಾತು ಕೊಡಬಹುದಾದದ್ದು ಮೊದಲನೆಯ ಬಗೆಯದನ್ನು ಮಾತ್ರ. ಎಲ್ಲಿ ಉಳಿದಿದ್ದಿರಿ, ಯಾವ ತಿರುವಿನಲ್ಲಿ ಇಳಿದಿರಿ ಎಂಬುದು ಮರೆತಿದ್ದರೆ ಹಳೆಯ ಫೋಟೊಗಳನ್ನು ತೆರೆಯಿರಿ. ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ದಿನಾಂಕವೂ, ಸ್ಥಳ ದಾಖಲಿಸುವ ಸೌಲಭ್ಯವನ್ನು ಆಗ ಚಾಲೂ ಇಟ್ಟಿದ್ದರೆ ಜಾಗದ ಗುರುತೂ ಇರುತ್ತವೆ. ಅವುಗಳನ್ನು ಆಫ್‌ಲೈನ್ ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಅರ್ಧ ಯೋಜನೆ ಮುಗಿದಂತೆ.

ಆ ಫೋಟೊಗಳ ದಿನಾಂಕಕ್ಕೆ ಇನ್ನೊಂದು ಉಪಯೋಗವೂ ಇದೆ. ಉಷ್ಣವಲಯದ ದ್ವೀಪವೆಂದರೆ ವರ್ಷವಿಡೀ ಒಂದೇ ಬಗೆಯ ಹವೆ ಎಂಬ ಭಾವನೆ ಮೊದಲ ಭೇಟಿಯಿಂದಲೇ ಮೂಡಿಬಿಡುತ್ತದೆ, ಏಕೆಂದರೆ ನೋಡಿದ್ದು ಒಂದೇ ಋತುವನ್ನು. ಥಾಯ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ಫುಕೆಟ್, ಫಿ ಫಿ, ಲಾಂಟಾ ದ್ವೀಪಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾನ್ಸೂನಿನ ಮಳೆ ಸುರಿಯುತ್ತದೆ. ಅದೇ ದೇಶದ ಇನ್ನೊಂದು ಮಗ್ಗುಲಿನ ಸಮುಯಿ, ಫಂಗಾನ್, ತಾವ್ ದ್ವೀಪಗಳಲ್ಲಿ ಹೆಚ್ಚಿನ ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಸಮಭಾಜಕದ ದಕ್ಷಿಣಕ್ಕಿರುವ ಬಾಲಿ, ಲೊಂಬೊಕ್‌ಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ. ಫಿಜಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. ಜಾಂಜಿಬಾರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಇಬ್ಬರ ರಜೆಯೂ ಹೊಂದುವ ತಿಂಗಳು ನೀವು ಹಿಂದೆ ಹೋಗಿದ್ದ ತಿಂಗಳೇ ಅಲ್ಲದಿದ್ದರೆ, ನೀವು ಹೋಗುತ್ತಿರುವುದು ಬೇರೊಂದು ದ್ವೀಪಕ್ಕೆ ಎಂದೇ ಲೆಕ್ಕ ಹಾಕಿ.

ಮಳೆಯೊಂದೇ ಅಲ್ಲ, ಮರಳೂ ಋತುವಿನೊಡನೆ ಸರಿಯುತ್ತದೆ. ಮಾನ್ಸೂನಿನ ದೊಡ್ಡ ಅಲೆಗಳು ತೀರದ ಮರಳನ್ನು ಎಳೆದೊಯ್ದು ಆಚೆ ಆಳದಲ್ಲಿ ಗುಡ್ಡೆ ಹಾಕುತ್ತವೆ. ಶಾಂತ ತಿಂಗಳುಗಳ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ಮರಳಿ ತಂದು ಹಾಸುತ್ತವೆ. ಅಗಲವಾದ ಬಿಳಿ ತೀರವೆಂದು ವರ್ಣಿಸಿ ಸ್ನೇಹಿತರನ್ನು ಕರೆದೊಯ್ದರೆ, ಅಲ್ಲಿ ಬೇರು ಕಿತ್ತು ಬಾಗಿದ ಮರಗಳೂ ಮೊಣಕಾಲೆತ್ತರದ ಮರಳಿನ ಕೊರಕಲೂ ಎದುರಾಗಬಹುದು. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಮಳೆಗಾಲ ಮುಗಿದ ಕೂಡಲೇ ಹೋಗುವುದಕ್ಕಿಂತ ಕೆಲವು ವಾರ ಕಳೆದು ಹೋದರೆ ಮರಳೂ ನೀರಿನ ತಿಳಿಯೂ ಚೇತರಿಸಿಕೊಂಡಿರುತ್ತವೆ. ಹಾಗೆಂದು ಮಳೆಗಾಲವನ್ನು ಪೂರ್ತಿ ತಳ್ಳಿಹಾಕಬೇಕೆಂದೂ ನಾನು ಹೇಳುವುದಿಲ್ಲ. ಹಸಿರನ್ನು, ಖಾಲಿ ದಾರಿಗಳನ್ನು, ಅಗ್ಗದ ಕೋಣೆಗಳನ್ನು ಬಯಸುವ ಇಬ್ಬರು ಒಪ್ಪಿಕೊಂಡೇ ಹೋದರೆ ಅದು ಒಳ್ಳೆಯ ಕಾಲ. ಒಬ್ಬರು ಮಾತ್ರ ಬಯಸಿ ಇನ್ನೊಬ್ಬರಿಗೆ ತಿಳಿಸದಿದ್ದರೆ ಜಗಳ ಖಂಡಿತ.

ಋತುವಿನ ಲೆಕ್ಕ ಮುಗಿದ ಮೇಲೆ, ನೀವು ಬಂದ ನಂತರ ಅಲ್ಲಿ ಬದಲಾದುದೇನೆಂದು ಹುಡುಕಬೇಕು. ಥಾಯ್ಲೆಂಡಿನ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯನ್ನು ಜನರ ದಟ್ಟಣೆಯಿಂದ ಹಾಳಾದ ಹವಳಗಳ ಚೇತರಿಕೆಗಾಗಿ 2018ರ ಜೂನ್‌ನಲ್ಲಿ ಮುಚ್ಚಲಾಯಿತು, 2022ರ ಜನವರಿಯಲ್ಲಿ ಮತ್ತೆ ತೆರೆಯಲಾಯಿತು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ಫಿಲಿಪೀನ್ಸ್‌ನ ಬೊರಾಕಾಯ್ ದ್ವೀಪ 2018ರಲ್ಲೇ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಆರು ತಿಂಗಳು ಪ್ರವಾಸಿಗರಿಗೆ ಬಾಗಿಲು ಹಾಕಿ, ಕೊಳಚೆ ನೀರಿನ ವ್ಯವಸ್ಥೆ ಸರಿಪಡಿಸಿಕೊಂಡು, ತೀರದಲ್ಲಿ ಮದ್ಯಪಾನ ಧೂಮಪಾನಗಳನ್ನು ನಿಷೇಧಿಸಿ ತೆರೆಯಿತು. ಅದಕ್ಕೂ ಮುಂಚೆ ಅಲ್ಲಿನ ಮರಳಿನ ಮೇಲೆ ರಾತ್ರಿಯಿಡೀ ಕುಣಿದು ಬಂದವರು ಸ್ನೇಹಿತರಿಗೆ ಅದೇ ಚಿತ್ರ ಕೊಟ್ಟು ಕರೆದೊಯ್ದರೆ ಇಬ್ಬರಿಗೂ ನಿರಾಶೆಯೇ. 2018ರ ಆಗಸ್ಟ್‌ನ ಭೂಕಂಪದಲ್ಲಿ ಲೊಂಬೊಕ್ ಮತ್ತು ಅದರ ಪಕ್ಕದ ಗಿಲಿ ದ್ವೀಪಗಳ ಎಷ್ಟೋ ಕಟ್ಟಡಗಳು ಕುಸಿದವು. ಬಾಲಿ 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರಿಂದ ಪ್ರತ್ಯೇಕ ಶುಲ್ಕ ಪಡೆಯುತ್ತಿದೆ. ಥಾಯ್ಲೆಂಡಿನ ಸಿಮಿಲಾನ್ ದ್ವೀಪಗಳು ಪ್ರತಿವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇರುತ್ತವೆ.

ನೀರಿನೊಳಗಿನ ಬದಲಾವಣೆ ಇದಕ್ಕಿಂತ ದೊಡ್ಡದು. ಸಮುದ್ರದ ನೀರು ಅಲ್ಲಿನ ಸಾಮಾನ್ಯ ಬೇಸಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳದ ಜೀವಿಗಳು ತಮಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಅಂಥ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ಹವಳದ ತೋಟವೇ ನಿಮ್ಮ ಮರುಪ್ರಯಾಣದ ಮುಖ್ಯ ಕಾರಣವಾಗಿದ್ದರೆ ಅಲ್ಲಿನ ಡೈವಿಂಗ್ ಶಾಲೆಯೊಂದಕ್ಕೆ ಬರೆದು, ಈ ವರ್ಷ ಯಾವ ಬದಿಯ ಹವಳ ಚೆನ್ನಾಗಿದೆಯೆಂದು ನೇರವಾಗಿ ಕೇಳಿ. ದಿನವೂ ನೀರಿಗಿಳಿಯುವ ಅವರಿಗೆ ಇದು ಗೊತ್ತಿರುತ್ತದೆ. ಉಳಿದ ವಿಷಯಗಳಿಗೆ ರಾಷ್ಟ್ರೀಯ ಉದ್ಯಾನದ ಅಧಿಕೃತ ಪುಟ, ಫೆರ್ರಿ ಸಂಸ್ಥೆಯ ಇತ್ತೀಚಿನ ವೇಳಾಪಟ್ಟಿ, ಕಳೆದ ಎರಡು ಮೂರು ತಿಂಗಳ ಅತಿಥಿಗಳ ಅಭಿಪ್ರಾಯ ಇವು ಸಾಕು. ಅಭಿಪ್ರಾಯಗಳನ್ನು ಓದುವಾಗ ಹೊಗಳಿಕೆಯನ್ನು ಬಿಟ್ಟು, ನಲ್ಲಿನೀರು ಉಪ್ಪಾಗಿದೆ ಎಂಬಂಥ ಸಣ್ಣ ದೂರುಗಳನ್ನು ಗಮನಿಸಿ. ಸಣ್ಣ ದ್ವೀಪಗಳಲ್ಲಿ ಸಿಹಿನೀರೆಂದರೆ ನೆಲದಡಿಯ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ಪದರ. ಮಿತಿಮೀರಿ ಎತ್ತಿದರೆ ಉಪ್ಪು ಮೇಲೇರಿ ಬರುತ್ತದೆ. ಹಿಂದೆ ಸಿಹಿಯಾಗಿದ್ದ ನೀರು ಈಗ ಉಪ್ಪಾಗಿದ್ದರೆ ಆ ಊರು ಎಷ್ಟು ಬೆಳೆದಿದೆಯೆಂದು ಅದರಿಂದಲೇ ಊಹಿಸಬಹುದು.

ಇಷ್ಟು ತಿಳಿದುಕೊಂಡ ಮೇಲೆ ಸ್ನೇಹಿತರೊಡನೆ ಕುಳಿತು ಮಾತಾಡಿ, ಟಿಕೆಟ್ ಕೊಳ್ಳುವ ಮುಂಚೆಯೇ. ಈ ಮಾತುಕತೆಯಲ್ಲಿ ದ್ವೀಪದ ಹೊಗಳಿಕೆಗಿಂತ ಅದರ ಕಷ್ಟಗಳನ್ನು ಮೊದಲು ಹೇಳುವುದು ಲೇಸು. ಒಂದು ಬಸ್ಸು, ಒಂದು ಹಡಗು, ಮತ್ತೊಂದು ಸಣ್ಣ ದೋಣಿ ಹಿಡಿದು ಇಡೀ ದಿನ ಪ್ರಯಾಣ. ಮಧ್ಯಾಹ್ನದಲ್ಲಿ ಏನೂ ಮಾಡಲಾಗದಂಥ ಸೆಕೆ. ಸಿಹಿ ತಿಂಡಿಯ ಪೊಟ್ಟಣ ಬಿಚ್ಚಿಟ್ಟರೆ ಗಳಿಗೆಯಲ್ಲಿ ಮುತ್ತುವ ಇರುವೆಗಳು. ಕೆಲವೆಡೆ ರಾತ್ರಿ ಹೊತ್ತು ನಿಲ್ಲುವ ಕರೆಂಟು. ಇದನ್ನೆಲ್ಲ ಕೇಳಿಯೂ ಬರುತ್ತೇನೆಂದವರು ಅಲ್ಲಿಗೆ ಹೋದ ಮೇಲೆ ಗೊಣಗುವುದು ಕಡಿಮೆ. ನಿಮ್ಮ ಎಲ್ಲ ಫೋಟೊಗಳನ್ನೂ ತೋರಿಸಬೇಡಿ. ಗುಡ್ಡದ ತುದಿಯ ನೋಟವನ್ನು ಇಪ್ಪತ್ತು ಕೋನಗಳಿಂದ ಮೊದಲೇ ನೋಡಿದವರಿಗೆ ಅಲ್ಲಿ ಹತ್ತಿ ನಿಂತಾಗ ನೋಡಲು ಉಳಿಯುವುದೇನು?

ಬಳಿಕ ವೇಗದ ಪ್ರಶ್ನೆ. ಮರಳಿ ಹೋಗುವವರಿಗೆ ಸಾಮಾನ್ಯವಾಗಿ ಒಂದೇ ಕಡೆ ನೆಲೆಯೂರಿ ಸುಮ್ಮನಿರುವ ಆಸೆ. ಮೊದಲ ಸಲ ಬರುವವರಿಗೆ ಎಲ್ಲವನ್ನೂ ನೋಡುವ ಆಸೆ. ಎರಡೂ ನ್ಯಾಯವಾದವೇ. ಸುತ್ತಾಟವನ್ನು ಬೆಳಗ್ಗೆಯೇ ಇಟ್ಟುಕೊಂಡು ಮಧ್ಯಾಹ್ನವನ್ನು ವಿರಾಮಕ್ಕೆ ಬಿಡುವುದು ಬಿಸಿಲಿನ ದೃಷ್ಟಿಯಿಂದಲೂ ಸರಿ, ಈ ಎರಡು ಆಸೆಗಳ ದೃಷ್ಟಿಯಿಂದಲೂ ಸರಿ. ನೀವು ಹಿಂದೆ ಹೋಗಿರದ ಒಂದು ಜಾಗವನ್ನಾದರೂ ಆರಿಸುವ ಹಕ್ಕನ್ನು ಪೂರ್ತಿಯಾಗಿ ಸ್ನೇಹಿತರಿಗೇ ಬಿಟ್ಟುಕೊಡಿ. ಅಲ್ಲಿ ನೀವಿಬ್ಬರೂ ಸಮಾನವಾಗಿ ಹೊಸಬರು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಪ್ರವಾಸದ ಅತಿ ಹಗುರವಾದ ದಿನ ಅದೇ ಆಗಿರುತ್ತದೆ.

ಹಣದ ಮಾತನ್ನು ನಾಚಿಕೆಯಿಲ್ಲದೆ ಆಡಬೇಕು. ನಿಮ್ಮ ಹಳೆಯ ಖರ್ಚಿನ ಲೆಕ್ಕ ಈಗ ಲೆಕ್ಕವೇ ಅಲ್ಲ. ಬಾಡಿಗೆಯೂ ವಿನಿಮಯ ದರವೂ ಬದಲಾಗಿರುತ್ತವೆ. ಇಂದಿನ ದರದಲ್ಲಿ ಕೋಣೆ, ಊಟ, ದೋಣಿ ಇವುಗಳ ದಿನದ ಮಿತಿಯನ್ನು ಇಬ್ಬರೂ ಸೇರಿ ನಿಗದಿಪಡಿಸಿ. ಇಬ್ಬರೂ ಸಮಪಾಲು ಹಾಕುವ ಒಂದು ಸಣ್ಣ ಪರ್ಸನ್ನು ಜೊತೆಯ ಖರ್ಚಿಗೆ ಇಟ್ಟುಕೊಂಡರೆ ಪ್ರತಿ ಊಟದ ನಂತರ ಫೋನು ತೆಗೆದು ಭಾಗಾಕಾರ ಮಾಡುವ ಪಾಡು ತಪ್ಪುತ್ತದೆ. ಸಣ್ಣ ದ್ವೀಪಗಳಲ್ಲಿ ಎಟಿಎಂ ಇಲ್ಲದಿರುವುದೂ, ಇದ್ದರೂ ಖಾಲಿಯಾಗಿರುವುದೂ ಸಾಮಾನ್ಯ. ಆದ್ದರಿಂದ ದಡ ಬಿಡುವ ಮುನ್ನವೇ ನಗದು ತೆಗೆದು ಎರಡು ಚೀಲಗಳಲ್ಲಿ ಹಂಚಿಡಿ.

ಚೀಲದ ವಿಷಯದಲ್ಲಿ ಇಬ್ಬರಿರುವುದು ದೊಡ್ಡ ಅನುಕೂಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮು, ಚಾರ್ಜರ್, ಬಟ್ಟೆ ಒಣಗಿಸುವ ಹಗ್ಗ, ಬೀಗ ಇವೆಲ್ಲ ಇಬ್ಬರಿಗೂ ಒಂದೊಂದೇ ಸಾಕು. ಹಾಗೆ ಹಂಚಿಕೊಂಡರೆ ತಲಾ ನಲವತ್ತು ಲೀಟರಿನ ಚೀಲದಲ್ಲಿ ಎಲ್ಲವೂ ಹಿಡಿಯುತ್ತದೆ, ಬೆನ್ನಿನ ಮೇಲಿನ ತೂಕ ಹತ್ತು ಕಿಲೋ ದಾಟುವುದಿಲ್ಲ. ಹಲವು ದ್ವೀಪಗಳಲ್ಲಿ ಜೆಟ್ಟಿಯೇ ಇರುವುದಿಲ್ಲ. ದೋಣಿಯಿಂದ ಮೊಣಕಾಲುದ್ದದ ನೀರಿಗಿಳಿದು, ಚೀಲವನ್ನು ತಲೆಯ ಮೇಲೋ ಭುಜದ ಮೇಲೋ ಹೊತ್ತು ದಡ ಸೇರಬೇಕು. ಚಕ್ರದ ಸೂಟ್‌ಕೇಸು ತರುತ್ತೇನೆಂಬ ಸ್ನೇಹಿತರಿಗೆ ಈ ಒಂದು ಮಾತು ಹೇಳಿದರೆ ಸಾಕು. ಪಾಸ್‌ಪೋರ್ಟ್, ಫೋನು, ಹಣ, ಔಷಧಿಗಳು ನೀರು ನುಗ್ಗದ ಡ್ರೈ ಬ್ಯಾಗಿನಲ್ಲಿರಲಿ. ಹತ್ತಿಯ ದಪ್ಪ ಬಟ್ಟೆ ಅಲ್ಲಿನ ತೇವದ ಗಾಳಿಯಲ್ಲಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ತೆಳುವಾದ, ಬೇಗ ಒಣಗುವ ಮೂರು ಜೊತೆ ಸಾಕು. ಸನ್‌ಸ್ಕ್ರೀನ್ ಕೊಳ್ಳುವಾಗ ಅದರ ಹಿಂಬದಿಯನ್ನು ಓದಿ: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಲೇಪಗಳನ್ನು ಹವಳಕ್ಕೆ ಹಾನಿಕರವೆಂಬ ಕಾರಣಕ್ಕೆ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವು 2020ರಿಂದ, ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳು 2021ರಿಂದ ನಿಷೇಧಿಸಿವೆ, ಹವಾಯಿಯಲ್ಲಿ 2021ರಿಂದ ಇವುಗಳ ಮಾರಾಟಕ್ಕೆ ನಿರ್ಬಂಧವಿದೆ. ಉದ್ದ ತೋಳಿನ ಈಜುಡುಗೆ ತೊಟ್ಟರೆ ಲೇಪದ ಅಗತ್ಯವೇ ಅರ್ಧಕ್ಕಿಳಿಯುತ್ತದೆ.

ಕಾಗದಪತ್ರಗಳಲ್ಲಿ ನಿಮ್ಮದನ್ನೂ ಹೊಸದಾಗಿಯೇ ಪರೀಕ್ಷಿಸಿಕೊಳ್ಳಿ. ಹಲವು ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ, ವೀಸಾ ನಿಯಮಗಳು ವರ್ಷ ವರ್ಷಕ್ಕೂ ಬದಲಾಗುತ್ತವೆ. ಇಬ್ಬರ ಪಾಸ್‌ಪೋರ್ಟ್ ಬೇರೆ ಬೇರೆ ದೇಶದ್ದಾಗಿದ್ದರೆ ನಿಯಮವೂ ಬೇರೆಯೇ. ವಿಮೆ ಮಾಡಿಸುವಾಗ ಸ್ಕೂಟರ್ ಅಪಘಾತದ ಷರತ್ತನ್ನು ಹುಡುಕಿ ಓದಿ: ದ್ವಿಚಕ್ರ ವಾಹನ ಓಡಿಸಲು ಮಾನ್ಯವಾದ ಪರವಾನಗಿ ಇಲ್ಲದವರಿಗೆ ಹೆಚ್ಚಿನ ವಿಮೆಗಳು ಪರಿಹಾರ ಕೊಡುವುದಿಲ್ಲ. ಹಿಂದಿನ ಸಲ ಯಾರೂ ಕೇಳಲಿಲ್ಲ ಎಂಬುದು ಈ ಸಲಕ್ಕೆ ಆಧಾರವಲ್ಲ, ಅದೂ ಹಿಂದಿನ ಸೀಟಿನಲ್ಲಿ ನಿಮ್ಮ ಸ್ನೇಹಿತರು ಕುಳಿತಿರುವಾಗ.

ದೋಣಿಯ ದಿನವನ್ನು ವಿಮಾನದ ದಿನಕ್ಕೆ ಅಂಟಿಸಬೇಡಿ. ಹವೆ ಕೆಟ್ಟರೆ ದೋಣಿ ಹೊರಡುವುದಿಲ್ಲ, ಮತ್ತು ಅದು ಹೊರಡದಿರುವುದೇ ಕ್ಷೇಮ. ಹೋಗುವಾಗಲೂ ಬರುವಾಗಲೂ ಒಂದು ರಾತ್ರಿಯನ್ನು ದಡದಲ್ಲಿ ಕಳೆಯುವಂತೆ ಬಿಡುವು ಇಟ್ಟುಕೊಳ್ಳಿ. ಸ್ಪೀಡ್‌ಬೋಟಿನ ಮೂತಿಯ ಬಳಿ ಕುಳಿತರೆ ಪ್ರತಿ ಅಲೆಗೂ ಬೆನ್ನುಮೂಳೆ ಕುಕ್ಕಿಸಿಕೊಳ್ಳುತ್ತದೆ. ಹಿಂಭಾಗದಲ್ಲಿ ಕುಳಿತು ದಿಗಂತದತ್ತ ದೃಷ್ಟಿ ನೆಡಬೇಕು. ವಾಂತಿಯ ಮಾತ್ರೆ ನುಂಗುವುದಾದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸತೊಡಗಿದ ಮೇಲೆ ಪ್ರಯೋಜನ ಕಡಿಮೆ.

ತಲುಪಿದ ಮೇಲೆ ಮೊದಲ ಎರಡು ರಾತ್ರಿಗಳಿಗೆ ಮಾತ್ರ ಕೋಣೆ ಕಾದಿರಿಸಿರಬೇಕು, ಅದೂ ನೀವು ಹಿಂದೆ ಉಳಿದಿದ್ದ ಜಾಗವಲ್ಲದೆ ಬೇರೊಂದರಲ್ಲಿ. ಇದು ವಿಚಿತ್ರವಾದ ಸಲಹೆಯೆಂದು ತೋರಬಹುದು. ಹಳೆಯ ಗುಡಿಸಲಿನ ಎದುರು ನಿಂತ ಕೂಡಲೇ ಹೋಲಿಕೆ ಶುರುವಾಗುತ್ತದೆ, ಮತ್ತು ಆ ಹೋಲಿಕೆಯಲ್ಲಿ ನಿಮ್ಮ ಸ್ನೇಹಿತರಿಗೆ ಪಾಲಿಲ್ಲ. ಎರಡು ದಿನ ದ್ವೀಪವನ್ನು ಇಂದಿನ ರೂಪದಲ್ಲಿ ಇಬ್ಬರೂ ನಡೆದು ನೋಡಿ, ಆಮೇಲೆ ಹಳೆಯ ಜಾಗಕ್ಕೆ ಹೋಗಿ. ಅದು ಇನ್ನೂ ಹಿತವೆನಿಸಿದರೆ ಅಲ್ಲಿಗೇ ಚೀಲ ಸಾಗಿಸಬಹುದು. ಅಲ್ಲಿನ ಮಾಲೀಕರು ನಿಮ್ಮನ್ನು ಗುರುತಿಸದಿದ್ದರೆ ಬೇಸರಿಸಬೇಕಿಲ್ಲ. ನಿಮ್ಮ ಬಾಳಿನಲ್ಲಿ ಅವರು ಒಬ್ಬರೇ, ಅವರ ಬಾಳಿನಲ್ಲಿ ನಿಮ್ಮಂಥವರು ಸಾವಿರಾರು. ಹಿಂದಿನ ಭೇಟಿಯಲ್ಲಿ ಅವರದೋ ಅವರ ಮಕ್ಕಳದೋ ಫೋಟೊ ತೆಗೆದಿದ್ದರೆ ಅದನ್ನು ಅಚ್ಚು ಹಾಕಿಸಿ ಒಯ್ದು ಕೊಡಿ. ಪರಿಚಯ ಮರುಕಳಿಸಲು ಅದಕ್ಕಿಂತ ಸುಲಭವಾದ ದಾರಿ ಬೇರಿಲ್ಲ.

ಸಮುದ್ರಕ್ಕಿಳಿಯುವ ಮುಂಚೆ ಉಬ್ಬರ ಇಳಿತದ ಪಟ್ಟಿ ನೋಡುವುದನ್ನು ದಿನದ ಅಭ್ಯಾಸ ಮಾಡಿಕೊಳ್ಳಿ. ಬಹಳಷ್ಟು ಕಡೆ ದಿನಕ್ಕೆರಡು ಬಾರಿ ನೀರು ಏರಿಳಿಯುತ್ತದೆ, ಮತ್ತು ಆ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜರುಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು. ನೀವು ಹಿಂದೆ ಬೆಳಗಿನ ಒಂಬತ್ತಕ್ಕೆ ಮುಖವಾಡ ಹಾಕಿ ಈಜಿದ್ದ ಹವಳದ ದಿಬ್ಬ, ಈ ಸಲ ಅದೇ ಒಂಬತ್ತಕ್ಕೆ ಪಾದದ ಗಂಟಿನಷ್ಟೇ ನೀರಿನಲ್ಲಿ ಮುಳ್ಳುಮುಳ್ಳಾಗಿ ಎದ್ದಿರಬಹುದು. ಆಗ ಅದರ ಮೇಲೆ ನಡೆದು ಆಳಕ್ಕೆ ಹೋಗಲು ಯತ್ನಿಸಿದರೆ ಹವಳವೂ ಮುರಿಯುತ್ತದೆ, ಕಾಲೂ ಕೊಯ್ಯುತ್ತದೆ. ಹವಳದ ಗಾಯ ಬೇಗ ಕೀವು ಹಿಡಿಯುವಂಥದ್ದು, ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯದೆ ಬಿಡಬಾರದು. ನೀರು ಏರಿ ನಿಲ್ಲುವ ಹೊತ್ತಿಗೆ ಹೋಗುವುದೇ ಸರಿ. ಸ್ನೇಹಿತರು ಈಜಿನಲ್ಲಿ ಎಷ್ಟು ಪಳಗಿದವರೆಂಬುದನ್ನು ಕೇಳಿ ತಿಳಿದರೆ ಸಾಲದು, ಎದೆಮಟ್ಟದ ನೀರಿನಲ್ಲಿ ಜೊತೆಗೆ ಈಜಿ ನೋಡಬೇಕು. ತೀರದಿಂದ ಹೊರಕ್ಕೆಳೆಯುವ ಸೆಳೆತಕ್ಕೆ ಸಿಕ್ಕರೆ ದಡದತ್ತ ಹೋರಾಡದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕೆಂದು ಮೊದಲೇ ಹೇಳಿಕೊಟ್ಟಿರಿ. ವಿಷದ ಕುಟುಕಿರುವ ಬಾಕ್ಸ್ ಜೆಲ್ಲಿಫಿಶ್ ಎಂಬ ಲೋಳೆಮೀನು ಇರುವ ಥಾಯ್ಲೆಂಡಿನ ಕೆಲವು ತೀರಗಳಲ್ಲಿ, ಕುಟುಕಿದ ಜಾಗಕ್ಕೆ ಸುರಿಯಲೆಂದು ವಿನೆಗರ್ ಬಾಟಲಿ ಇಟ್ಟ ಕಂಬಗಳನ್ನು ನೆಟ್ಟಿರುತ್ತಾರೆ. ಅವು ಎಲ್ಲಿವೆಯೆಂದು ನೀರಿಗಿಳಿಯುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಅಮಾವಾಸ್ಯೆಗೆ ಹತ್ತಿರದ ಒಂದು ರಾತ್ರಿಯನ್ನು ಬಿಡುವಾಗಿಟ್ಟುಕೊಳ್ಳುವುದು ಒಳ್ಳೆಯದು. ಬೆಳಗುವ ಸೂಕ್ಷ್ಮಜೀವಿಗಳಿರುವ ನೀರಿನಲ್ಲಿ ಕೈಯಾಡಿಸಿದರೆ ಬೆರಳುಗಳ ಸುತ್ತ ನೀಲಿ ಕಿಡಿಗಳು ಹಾರಿ ಆರಿಹೋಗುತ್ತವೆ. ಬೆಳದಿಂಗಳಿದ್ದರೆ ಅವು ಕಾಣಿಸುವುದೇ ಕಷ್ಟ. ನಿಮಗೆ ಇದು ಗೊತ್ತಿದ್ದರೂ ಸ್ನೇಹಿತರಿಗೆ ಮೊದಲೇ ಹೇಳದೆ, ಕತ್ತಲಲ್ಲಿ ನೀರಿಗೆ ಕೈ ಹಾಕಲು ಮಾತ್ರ ಹೇಳಿ.

ಜೊತೆಯಲ್ಲಿದ್ದು ಜೊತೆಯನ್ನು ಕೆಡಿಸಿಕೊಳ್ಳದಿರಲು ದಿನಕ್ಕೆ ಕೆಲವು ಗಂಟೆ ಬೇರೆಯಾಗಿರುವುದನ್ನು ನಿಯಮವಾಗಿಸಿಕೊಳ್ಳಿ. ಸಂಜೆ ಎಲ್ಲಿ ಎಷ್ಟು ಹೊತ್ತಿಗೆ ಸೇರಬೇಕೆಂಬುದು ನಿಗದಿಯಾಗಿದ್ದರೆ ಸಾಕು, ನೆಟ್‌ವರ್ಕ್ ಸಿಗದ ಕಡೆಯಲ್ಲೂ ಗಾಬರಿಯಿರುವುದಿಲ್ಲ. ನೆನಪುಗಳಿರುವ ಜಾಗಗಳಿಗೆ ಒಬ್ಬರೇ ಹೋಗಲು ಈ ಗಂಟೆಗಳು ನಿಮಗೆ ಬೇಕಾಗುತ್ತವೆ. ಸ್ನೇಹಿತರಿಗೂ ನಿಮ್ಮ ವಿವರಣೆಯಿಲ್ಲದೆ ದ್ವೀಪವನ್ನು ನೋಡಲು ಬೇಕಾಗುತ್ತವೆ. ಇನ್ನು "ಆಗ ಇಲ್ಲಿ ಹೀಗಿರಲಿಲ್ಲ" ಎಂಬ ಮಾತಿಗೆ ದಿನಕ್ಕೊಂದು ಸಲವೆಂದು ಮಿತಿ ಹಾಕಿಕೊಳ್ಳಿ. ಮೀರಿದರೆ ರಾತ್ರಿಯ ಊಟದ ಖರ್ಚು ನಿಮ್ಮದು ಎಂದು ಸ್ನೇಹಿತರು ದಂಡ ವಿಧಿಸಲಿ. ಸಾಮಾನ್ಯವಾಗಿ ಎರಡನೆಯ ದಿನವೇ ಈ ದಂಡ ವಸೂಲಾಗುತ್ತದೆ.

ಕೊನೆಯ ದಿನಗಳ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು. ಡೈವಿಂಗ್ ಮಾಡುವುದಾದರೆ ಒಂದೇ ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ ಹನ್ನೆರಡು ಗಂಟೆ, ಹಲವು ಡೈವ್‌ಗಳಾದ ಮೇಲೆ ಕನಿಷ್ಠ ಹದಿನೆಂಟು ಗಂಟೆ ಕಾಯಬೇಕೆಂಬುದು ಒಪ್ಪಿತ ಸಲಹೆ. ಆದ್ದರಿಂದ ನೀರಿನಾಳದ ಕೆಲಸವನ್ನೆಲ್ಲ ಪ್ರವಾಸದ ನಡುಭಾಗದಲ್ಲೇ ಮುಗಿಸಿ, ಕೊನೆಗೆ ಗುಡ್ಡದ ದಾರಿಯನ್ನೋ ಬರಿಯ ತೀರವನ್ನೋ ಇಟ್ಟುಕೊಳ್ಳಿ. ಚೀಲ ಕಟ್ಟುವಾಗ ಹವಳದ ತುಂಡುಗಳನ್ನೂ ದೊಡ್ಡ ಚಿಪ್ಪುಗಳನ್ನೂ ತೆಗೆದು ತೀರದಲ್ಲೇ ಬಿಡಿ. ಕಲ್ಲುಹವಳ ಮತ್ತು ದೈತ್ಯ ಕಪ್ಪೆಚಿಪ್ಪುಗಳ ಸಾಗಣೆ ಅಂತರರಾಷ್ಟ್ರೀಯ ಒಪ್ಪಂದದಡಿ ನಿಯಂತ್ರಿತವಾದದ್ದು, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ. ಉಪ್ಪು ಹಿಡಿದ ಜಿಪ್ಪುಗಳನ್ನೂ ಈಜುಡುಗೆಯನ್ನೂ ಹಿಂದಿನ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಹಾಕಿ, ಜೊತೆಯ ಪರ್ಸಿನಲ್ಲಿ ಉಳಿದ ಹಣವನ್ನು ದೋಣಿಯ ಟಿಕೆಟಿಗೆ ತೆಗೆದಿರಿಸಿ, ಬೆಳಗಿನ ಮೊದಲ ದೋಣಿಗೆ ಹೊರಡಿ. ಹೆಚ್ಚಿನ ಕಡೆ ಸಮುದ್ರ ಶಾಂತವಾಗಿರುವುದು ಆ ಹೊತ್ತಿನಲ್ಲೇ.